ಹಿಂಸೆ ಹೆಚ್ಚಿದರೆ ಕಡೇ ದಿನ ಹತ್ತಿರವೇ? ಹಿಂದಿನವರೂ ಹೀಗೇ ಅಂದುಕೊಂಡಿದ್ದರೇ?

ಹೊಳೆಬದಿ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಯೌವನಸ್ಥರ ಕೂಟದಲ್ಲಿ ಈಗ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಅಧ್ಯಯನ ನಡೆಯುತ್ತಿದೆ. ಹೊರಗಿನಿಂದ ಬಂದ ಪ್ರಸಂಗಿಯವರ ವಾದ ಇಷ್ಟು: ನೈಜೀರಿಯಾ, ಉತ್ತರ ಕೊರಿಯಾ, ಇರಾಕ್, ನಮ್ಮ ಒಡಿಶಾ, ಎಲ್ಲಿ ನೋಡಿದರೂ ಕ್ರೈಸ್ತರ ಮೇಲೆ ಹಿಂಸೆ ಏರುತ್ತಿದೆ. ಆದ್ದರಿಂದ ಲೋಕಾಂತ್ಯಕ್ಕೆ ಮುಂಚಿನ ಮಹಾಸಂಕಟ ಬಾಗಿಲಿಗೆ ಬಂದಿದೆ, ಆಗ ಬರಬೇಕಾದ ಎದುರಾಳಿ ಕ್ರಿಸ್ತವಿರೋಧಿ ಆಗಲೇ ಹುಟ್ಟಿದ್ದಾನೆ. ವರ್ಷಕ್ಕೆ ಒಂದು ಲಕ್ಷ ಜನ ವಿಶ್ವಾಸಕ್ಕಾಗಿ ಸತ್ತು ರಕ್ತಸಾಕ್ಷಿಗಳಾಗುತ್ತಿದ್ದಾರೆ ಎಂಬ ಅಂಕಿಯನ್ನೂ ಕೊಟ್ಟರು.

ನನಗೆ ವಾದ ಮಾಡುವ ಹುಮ್ಮಸ್ಸಿಲ್ಲ, ತಿಳಿದುಕೊಳ್ಳುವ ಆಸೆ. ಎರಡು ಸಾವಿರ ವರ್ಷದಲ್ಲಿ ಹಿಂಸೆ ಇಲ್ಲದ ಕಾಲ ಕಡಿಮೆ. ಹಾಗಾದರೆ ಹಿಂಸೆಗೆ ಸಿಕ್ಕ ಪ್ರತಿ ತಲೆಮಾರೂ "ಇದೇ ಕೊನೆ" ಅಂದುಕೊಂಡಿತೇ? ಅಂದುಕೊಂಡ ಮೇಲೆ ಅವರು ಏನು ಮಾಡಿದರು? ಇತಿಹಾಸ ಬಲ್ಲವರು ಬರೆಯಿರಿ. ದಯವಿಟ್ಟು ಯೂಟ್ಯೂಬ್ ಲಿಂಕ್ ಬೇಡ.

ಗುಡ್ಡದ ಗಾಳಿ

ಮತ್ತಾಯ 24 ಓದಿ ಬ್ರದರ್. ನನ್ನ ಹೆಸರಿನ ನಿಮಿತ್ತ ಎಲ್ಲ ಜನಾಂಗದವರು ನಿಮ್ಮನ್ನು ಹಗೆಮಾಡುವರು ಅಂತ ಕರ್ತನೇ ಹೇಳಿದ್ದಾನೆ. ಇನ್ನೇನು ಇತಿಹಾಸ ಬೇಕು?

ಅಡ್ಡಮಾತು

ನಾನು ನಿಮ್ಮ ಮತದವನಲ್ಲ, ಸುಮ್ಮನೆ ಓದುತ್ತಿದ್ದೆ. ಅದೇ ಅಧ್ಯಾಯದಲ್ಲಿ ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತಲೂ ಇದೆಯಲ್ಲ? ಅದನ್ನು ಓದುವುದಿಲ್ಲವೇ?

ಗುಡ್ಡದ ಗಾಳಿ

ದಿನ ಗೊತ್ತಿಲ್ಲ ಅಂತಿದೆ, ಕಾಲದ ಗುರುತು ನೋಡಬೇಡಿ ಅಂತಿಲ್ಲ. ಚಿಗುರು ಕಂಡರೆ ಬೇಸಿಗೆ ಹತ್ತಿರ ಅನ್ನುವ ಅಂಜೂರದ ಮರದ ಸಾಮ್ಯವೂ ಅಲ್ಲೇ ಇದೆ.

ಹಳೇ ಕಾಗದ (ಮೈಸೂರು)

ಹೊಳೆಬದಿಯವರೇ, ನೀವು ಕೇಳಿದ ಪ್ರಶ್ನೆಗೆ ಕಣ್ಣೆದುರಿನ ಸಾಕ್ಷಿಯೇ ಇದೆ, ಅದೂ 1800 ವರ್ಷ ಹಳೆಯದು. ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ರಿ.ಶ. 202ರ ಆಸುಪಾಸು. ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್. ಅಲೆಕ್ಸಾಂಡ್ರಿಯದಲ್ಲಿ ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದಾರೆ. ಮುಂದೆ ದೊಡ್ಡ ಪಂಡಿತನಾದ ಒರಿಗೆನನ ತಂದೆಯನ್ನು ಕೊಂದದ್ದು ಆಗಲೇ. ಹುಡುಗ ತಾನೂ ಹೋಗಿ ಸಾಯುತ್ತೇನೆ ಎಂದು ಹಠ ಹಿಡಿದಾಗ ತಾಯಿ ಅವನ ಬಟ್ಟೆಗಳನ್ನೆಲ್ಲ ಬಚ್ಚಿಟ್ಟಳಂತೆ, ಮನೆ ಬಿಟ್ಟು ಹೊರಡದ ಹಾಗೆ! ಮರುವರ್ಷ, 203ರ ಮಾರ್ಚ್‌ನಲ್ಲಿ, ಕಾರ್ತೇಜಿನಲ್ಲಿ ಪೆರ್ಪೆತುವಾ ಎಂಬ ಇಪ್ಪತ್ತೆರಡರ ಹೆಂಗಸನ್ನು, ಇನ್ನೂ ಮೊಲೆಯುಣ್ಣುವ ಕೂಸಿನ ತಾಯಿಯನ್ನು, ಮೃಗಗಳ ಮುಂದೆ ಬಿಟ್ಟರು. ಸೆರೆಮನೆಯಲ್ಲಿ ಅವಳು ಬರೆದಿಟ್ಟ ದಿನಚರಿ ಉಳಿದಿದೆ. ಅದರಲ್ಲಿ ಒಂದು ಕನಸು: ಆಕಾಶಕ್ಕೆ ಏಣಿ, ಏಣಿಯ ಬುಡದಲ್ಲಿ ಘಟಸರ್ಪ, ಅವಳು ಅದರ ತಲೆಯನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾಳೆ.

ಅದೇ ಹೊತ್ತಿಗೆ ಯೂದ ಎಂಬ ಲೇಖಕನೊಬ್ಬ ಬೈಬಲಿನ ದಾನಿಯೇಲನ ಪುಸ್ತಕದ ಭವಿಷ್ಯವಾಣಿಯಲ್ಲಿ ಬರುವ ಎಪ್ಪತ್ತು ವಾರಗಳ ಲೆಕ್ಕ ಹಾಕಿ, ಸೆವೆರಸನ ಆಳ್ವಿಕೆಯ ಹತ್ತನೇ ವರ್ಷಕ್ಕೆ ತಂದು ನಿಲ್ಲಿಸಿ, ಕ್ರಿಸ್ತವಿರೋಧಿ ಬಂದೇಬಿಟ್ಟ ಎಂದು ಬರೆದ. ಇದನ್ನು ದಾಖಲಿಸಿದವನು ಕ್ರೈಸ್ತ ಸಭೆಯ ಮೊದಲ ಚರಿತ್ರಕಾರ, ಬಿಷಪ್ ಯೂಸೇಬಿಯಸ್. ಅವನು ಸೇರಿಸುವ ಷರಾ ನೋಡಿ: ಆಗಿನ ಹಿಂಸೆ ಜನರ ಮನಸ್ಸನ್ನು ಅಷ್ಟರ ಮಟ್ಟಿಗೆ ಕದಡಿಬಿಟ್ಟಿತ್ತು. ಅಂದರೆ ಹಿಂಸೆಗೂ ಲೆಕ್ಕಾಚಾರಕ್ಕೂ ಇರುವ ನಂಟನ್ನು ಹೊರಗಿನ ಟೀಕಾಕಾರರಿಗಿಂತ ಮೊದಲು ಬಿಷಪ್ಪನೊಬ್ಬನೇ ಕಂಡುಕೊಂಡಿದ್ದ.

ಹೊಳೆಬದಿ

ಲೆಕ್ಕ ಹಾಕಿದವರು ಏನು ಮಾಡಿದರು ಸರ್? ಬರೆದು ಸುಮ್ಮನಾದರೇ?

ಹಳೇ ಕಾಗದ

ಎಲ್ಲರೂ ಸುಮ್ಮನಾಗಲಿಲ್ಲ. ಸುಮಾರು 204ರಲ್ಲಿ ಹಿಪ್ಪೊಲಿಟಸ್ ಎಂಬವನು ದಾನಿಯೇಲನ ಪುಸ್ತಕಕ್ಕೆ ವ್ಯಾಖ್ಯಾನ ಬರೆದ. ಅದರಲ್ಲಿ ಎರಡು ಘಟನೆ ಬರುತ್ತವೆ.

ಸಿರಿಯದಲ್ಲಿ ಸಭೆಯ ಹಿರಿಯನೊಬ್ಬ ಕರ್ತನನ್ನು ಎದುರುಗೊಳ್ಳೋಣ ಬನ್ನಿ ಎಂದು ಹೆಂಗಸರು ಮಕ್ಕಳ ಸಮೇತ ಜನರನ್ನು ಅಡವಿಗೆ ಹೊರಡಿಸಿದ. ಅವರು ಬೆಟ್ಟಗುಡ್ಡಗಳಲ್ಲಿ ದಿಕ್ಕು ತಪ್ಪಿ ಅಲೆದರು. ಆ ಸೀಮೆಯ ಅಧಿಪತಿ ಇವರನ್ನು ದರೋಡೆಕೋರರ ಗುಂಪೆಂದು ಭಾವಿಸಿ ಸೈನಿಕರನ್ನು ಕಳಿಸಿ ಮುಗಿಸುವವನಿದ್ದ. ಅವನ ಹೆಂಡತಿ ವಿಶ್ವಾಸಿ, ಅವಳು ಬೇಡಿಕೊಂಡದ್ದರಿಂದ ಜೀವ ಉಳಿಯಿತು. ಇನ್ನೊಂದು ಕಪ್ಪು ಸಮುದ್ರದ ದಂಡೆಯ ಪೊಂತ ಸೀಮೆಯದು. ಅಲ್ಲಿನ ಸಭಾಧ್ಯಕ್ಷ ದೈವಭಕ್ತ, ವಿನಯವಂತ, ಆದರೆ ಶಾಸ್ತ್ರಕ್ಕಿಂತ ತನ್ನ ಕನಸುಗಳನ್ನು ಹೆಚ್ಚು ನಂಬಿದವ. ವರ್ಷದೊಳಗೆ ನ್ಯಾಯತೀರ್ಪು ಎಂದ. ಜನ ಹೊಲ ಬೀಳುಬಿಟ್ಟರು, ಇದ್ದದ್ದನ್ನು ಮಾರಿದರು. ವರ್ಷ ಕಳೆದ ಮೇಲೆ ಮಾರಿದವರು ತಿರುಪೆಗೆ ಇಳಿದಿದ್ದರು.

ಹಿಪ್ಪೊಲಿಟಸ್ ಹೂಡಿದ ಉಪಾಯ ನನಗೆ ತುಂಬ ಇಷ್ಟ. ಲೆಕ್ಕ ಹಾಕಬೇಡಿ ಎಂದು ಗದರಿದರೆ ಕೇಳುವವರಾರು? ತಾನೇ ಬೇರೆ ಲೆಕ್ಕ ಹಾಕಿಕೊಟ್ಟ. ಲೋಕದ ಆಯಸ್ಸು 6000 ವರ್ಷ, ಕ್ರಿಸ್ತ ಹುಟ್ಟಿದ್ದು 5500ನೇ ವರ್ಷ, ಆದ್ದರಿಂದ ಇನ್ನೂ ಸುಮಾರು 300 ವರ್ಷ ಬಾಕಿ ಇದೆ, ಹೋಗಿ ಬಿತ್ತನೆ ಮಾಡಿ.

ತೆಂಕಣ (ಮಂಗಳೂರು)

ಇದು ಭಾರೀ ಚಂದ ಉಂಟು ಮಾರಾಯ್ರೆ. ಗಾಬರಿ ತಣಿಸಲಿಕ್ಕೆ ಗಣಿತ!

ಆದರೆ ಒಂದು ಮಾತು. ಪ್ರಕಟನೆ ಪುಸ್ತಕವೇ ಹಿಂಸೆಯಲ್ಲಿ ಹುಟ್ಟಿದ್ದಲ್ವಾ? ಯೋಹಾನ ಪತ್ಮೋಸ್ ದ್ವೀಪದಲ್ಲಿದ್ದಾಗ ಕಂಡದ್ದು. ಅದರಲ್ಲಿ ಬರುವ ಮೃಗದ ಸಂಖ್ಯೆ 666 ಅಂದ್ರೆ ನೀರೋ ಅಂತ ನಮ್ಮ ಫಾದರ್ ಒಬ್ಬರು ಹೇಳ್ತಿದ್ರು. ಹಾಗಾದ್ರೆ ಹಿಂಸೆಗೂ ಅಂತ್ಯಕಾಲಕ್ಕೂ ಸಂಬಂಧ ಇಲ್ಲ ಅನ್ಲಿಕ್ಕೆ ಆಗುದಿಲ್ಲ.

ಹಳೇ ಕಾಗದ

ಸಂಬಂಧ ಇಲ್ಲ ಎಂದು ಯಾರೂ ಹೇಳಿಲ್ಲ. ಅದು ಯಾವ ಥರದ್ದು ಎಂಬುದೇ ಚರ್ಚೆ.

ನೀರೋ ಕೈಸರ್ ಎಂಬ ಹೆಸರನ್ನು ಗ್ರೀಕ್ ಉಚ್ಚಾರಣೆಯಂತೆ ನೆರೋನ್ ಕೈಸರ್ ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದು ಒಂದೊಂದಕ್ಕೂ ಇರುವ ಅಂಕಿ ಕೂಡಿದರೆ 666 ಬರುತ್ತದೆ. ಲ್ಯಾಟಿನ್ ಉಚ್ಚಾರಣೆಯಂತೆ ನೆರೋನ್ ಎಂಬುದರ ಕೊನೆಯ ನಕಾರ ಬಿಟ್ಟರೆ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ. ಹಾಗಾಗಿ ನಿಮ್ಮ ಫಾದರ್ ಹೇಳಿದ್ದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಎರಡನೇ ಶತಮಾನದ ಬಿಷಪ್ ಐರೇನಿಯಸ್ 616ನ್ನು ಒಪ್ಪಲಿಲ್ಲ. 666ಕ್ಕೆ ಹೊಂದುವ ಎರಡು ಮೂರು ಹೆಸರುಗಳನ್ನು ತಾನೇ ಕೂಡಿ ತೋರಿಸಿ, ಕೊನೆಗೆ ಊಹೆ ಮಾಡುವುದಕ್ಕಿಂತ ಕಾಯುವುದು ಕ್ಷೇಮ ಎಂದ.

ನೀರೋ ರೋಮಿನ ಬೆಂಕಿಯ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಕೊಲ್ಲಿಸಿದ್ದು 64ರಲ್ಲಿ. ಪ್ರಕಟನೆ ಬರೆದದ್ದು ಡೊಮಿಷಿಯನ್ ಆಳ್ವಿಕೆಯ ಕೊನೆಗೆ, 95ರ ಸುಮಾರಿಗೆ, ಎಂಬುದು ಐರೇನಿಯಸನ ಕಾಲದಿಂದ ಬಂದ ಮಾತು. ಡೊಮಿಷಿಯನ್ ಸಾಮ್ರಾಜ್ಯದುದ್ದಕ್ಕೂ ಕ್ರೈಸ್ತರನ್ನು ಬೇಟೆಯಾಡಿದ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಪ್ರಕಟನೆಯಲ್ಲಿ ಏಳು ಸಭೆಗಳಿಗೆ ಬರೆದ ಪತ್ರಗಳಲ್ಲಿ ಕೊಲೆಯಾದವನೆಂದು ಹೆಸರು ಹಿಡಿದು ಹೇಳಿರುವುದು ಒಬ್ಬನನ್ನೇ, ಪೆರ್ಗಮದ ಅಂತಿಪನನ್ನು. ಉಳಿದಂತೆ ಅಲ್ಲಿನ ಸಂಕಟ ದಿನನಿತ್ಯದ್ದು. ಚಕ್ರವರ್ತಿಯ ಗುಡಿಗೆ ಹೋಗದವನಿಗೆ ಊರಲ್ಲಿ ಮರ್ಯಾದೆಯಿಲ್ಲ, ವ್ಯಾಪಾರದ ಸಂಘಗಳಲ್ಲಿ ಜಾಗವಿಲ್ಲ. ಮೃಗದ ಮುದ್ರೆಯಿಲ್ಲದವನು ಕೊಳ್ಳಲೂ ಮಾರಲೂ ಆಗದು ಎಂಬ ಮಾತು ಆ ಜನರಿಗೆ ಹೇಗೆ ಕೇಳಿಸಿರಬಹುದು, ಯೋಚಿಸಿ.

ಇನ್ನೊಂದು. ಆರನೇ ಅಧ್ಯಾಯದಲ್ಲಿ ಯಜ್ಞವೇದಿಯ ಕೆಳಗಿರುವ ಹತರಾದವರ ಆತ್ಮಗಳು ಎಷ್ಟು ಕಾಲ ಸ್ವಾಮೀ ಎಂದು ಕೂಗುತ್ತವೆ. ಅವಕ್ಕೆ ತಾರೀಖು ಸಿಗುವುದಿಲ್ಲ. ಬಿಳಿ ನಿಲುವಂಗಿ ಸಿಗುತ್ತದೆ, ಇನ್ನೂ ಸ್ವಲ್ಪ ಕಾಲ ಕಾಯಿರಿ ಎಂಬ ಉತ್ತರ ಸಿಗುತ್ತದೆ. ಇಡೀ ಪುಸ್ತಕದಲ್ಲಿ ಲೆಕ್ಕ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೇ ಇತ್ತು.

ಅಡ್ಡಮಾತು

ಹಾಗಾದರೆ ಒಟ್ಟಿನಲ್ಲಿ ಇದೊಂದು ಮನೋವ್ಯಾಧಿ ಅನ್ನಬಹುದಲ್ಲವೇ? ಹೊಡೆತ ಬಿದ್ದಾಗ ಜನ ಪ್ರಳಯ ಕಾಣುತ್ತಾರೆ, ಹೊಡೆತ ನಿಂತರೆ ಮರೆಯುತ್ತಾರೆ.

ತೆಂಕಣ

ಸೆರೆಮನೆಯಲ್ಲಿ ಇದ್ದವಳಿಗೆ ಎಸಿ ರೂಮಿನಿಂದ ಕಾಯಿಲೆ ಗುರುತಿಸುದು ಸುಲಭ. ಈ ಲೋಕ ನಡೆಯುವ ರೀತಿ ಸರಿಯಿಲ್ಲ, ಇದಕ್ಕೊಂದು ಕೊನೆ ಉಂಟು, ಕೈಸರನೇ ಕಡೇ ನ್ಯಾಯಾಧೀಶ ಅಲ್ಲ. ಇದನ್ನು ನಂಬಿದ್ದಕ್ಕೇ ಪೆರ್ಪೆತುವಾ ಎದ್ದು ನಿಂತದ್ದು. ತಾರೀಖು ಹೇಳುವವರನ್ನು ನೀವು ಬೈಯಿರಿ, ನಾನೂ ಬೈತೇನೆ.

ಹಳೇ ಕಾಗದ

"ಹೊಡೆತ ನಿಂತರೆ ಮರೆಯುತ್ತಾರೆ" ಎಂಬುದರಲ್ಲಿ ಮಾತ್ರ ಅಡ್ಡಮಾತು ಅವರ ಕಡೆಗೂ ಸ್ವಲ್ಪ ನ್ಯಾಯವಿದೆ. 303ರಲ್ಲಿ ಡಯೊಕ್ಲೀಷಿಯನ್ ಶುರುಮಾಡಿದ ದೊಡ್ಡ ಹಿಂಸೆ 311ರಲ್ಲಿ ಗಲೇರಿಯಸನ ಆಜ್ಞೆಯಿಂದ ಸಡಿಲಾಯಿತು. ಆಮೇಲೆ ಕಾನ್‌ಸ್ಟಂಟೈನ್ ಬಂದ. 325ರಲ್ಲಿ ಅವನು ಬಿಷಪ್ಪರಿಗೆ ಔತಣ ಕೊಟ್ಟಾಗ, ಬಿಚ್ಚುಗತ್ತಿಯ ಕಾವಲುಗಾರರ ನಡುವೆ ದೇವಜನರು ಹೆದರಿಕೆಯಿಲ್ಲದೆ ಅರಮನೆಯೊಳಗೆ ನಡೆದುಹೋದರು, ಕ್ರಿಸ್ತನ ರಾಜ್ಯದ ಚಿತ್ರವೇ ಎನ್ನಿಸುವಂತಿತ್ತು ಎಂದು ಬರೆದವನು ಅದೇ ಯೂಸೇಬಿಯಸ್. ಊಟ ಒಳ್ಳೆಯದಿದ್ದರೆ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯೂ ಹತ್ತಿರ ಕಾಣುತ್ತದೆ.

ಬೀದರ್ ಕೋಟೆ

ಸರ್, ಇದೆಲ್ಲ ರೋಮನ್ನರ ಕಥಿ ಆತು. ಕ್ರೈಸ್ತರೇ ಕ್ರೈಸ್ತರಿಗಿ ಹಿಂಸೆ ಕೊಟ್ಟಾಗ ಏನ್ ಆತು? ಅದರ ಬಗ್ಗೆ ಯಾರೂ ಹೇಳಂಗಿಲ್ಲ.

ಹಳೇ ಕಾಗದ

ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಈ ನಂಟು ಅತ್ಯಂತ ಭಯಂಕರವಾಗಿ ಕಾಣುವುದು ಅಲ್ಲೇ. ರಷ್ಯದ "ಹಳೇ ವಿಶ್ವಾಸಿಗಳ" ಕತೆ.

1652ರಲ್ಲಿ ನಿಕೋನ್ ಮಾಸ್ಕೋದ ಧರ್ಮಾಧ್ಯಕ್ಷನಾದ. ರಷ್ಯದ ಪೂಜಾವಿಧಿಗಳು ಗ್ರೀಕರ ವಿಧಿಗಳಿಗೆ ಹೊಂದುತ್ತಿಲ್ಲ ಎಂದು ಮರುವರ್ಷದಿಂದಲೇ ತಿದ್ದುಪಡಿ ಶುರುಮಾಡಿದ. ಶಿಲುಬೆಯ ಗುರುತನ್ನು ಎರಡು ಬೆರಳಿನಿಂದ ಮಾಡುತ್ತಿದ್ದವರು ಇನ್ನು ಮೂರು ಬೆರಳಿನಿಂದ ಮಾಡಬೇಕು. ಅಲ್ಲೆಲೂಯವನ್ನು ಎರಡು ಸಲ ಅನ್ನುತ್ತಿದ್ದವರು ಮೂರು ಸಲ ಅನ್ನಬೇಕು. ಮೆರವಣಿಗೆ ಸೂರ್ಯನ ದಿಕ್ಕಿಗೆ ಎದುರಾಗಿ ಸುತ್ತಬೇಕು. ಇಷ್ಟಕ್ಕೇ ಜೀವ ಕೊಟ್ಟರೇ ಎಂದು ಕೇಳಬೇಡಿ. ಅಜ್ಜ ಮುತ್ತಜ್ಜರು ಮೋಕ್ಷ ಕಂಡದ್ದು ಎರಡು ಬೆರಳಿನಲ್ಲಿ, ಈಗ ಅದು ತಪ್ಪೆಂದರೆ ಅವರೆಲ್ಲ ಎಲ್ಲಿಗೆ ಹೋದರು? ಹಳ್ಳಿಯವನ ಪ್ರಶ್ನೆ ಇಷ್ಟು ನೇರವಾಗಿತ್ತು.

ಇದಕ್ಕೆ ಮೊದಲೇ, 1640ರ ದಶಕದಲ್ಲಿ, ಮಾಸ್ಕೋದಲ್ಲಿ ಅಚ್ಚಾದ ಧರ್ಮಗ್ರಂಥಗಳಲ್ಲಿ ಒಂದು ಲೆಕ್ಕ ಓಡಾಡುತ್ತಿತ್ತು. ಸಾವಿರ ವರ್ಷಕ್ಕೆ ರೋಮ್ ಕೆಟ್ಟಿತು, ಇನ್ನು ಆರುನೂರಕ್ಕೆ ಉಕ್ರೇನ್ ಕಡೆಯ ಸಭೆ ಪೋಪನನ್ನು ಸೇರಿತು, ಅದಕ್ಕೆ ಅರವತ್ತಾರು ಕೂಡಿಸಿದರೆ 1666, ಆಗ ಎಚ್ಚರವಾಗಿರಿ. ನಡುವೆ 1654ರಲ್ಲಿ ಪ್ಲೇಗ್ ಬಂದು ಮಾಸ್ಕೋದಲ್ಲಿ ಹೆಣಗಳ ಸಾಲು, ಅದೇ ವರ್ಷ ಸೂರ್ಯಗ್ರಹಣ. ಇಷ್ಟೆಲ್ಲ ಆದಮೇಲೆ ಹಳೇ ವಿಧಿಯವರನ್ನು ಶಪಿಸಿ ಹೊರಹಾಕಿದ ಮಹಾಸಭೆ ಯಾವ ವರ್ಷ ಕೂಡಿತು ಗೊತ್ತೇ? 1666ರಲ್ಲಿ! ಮುಗಿದದ್ದು 67ರಲ್ಲಿ. ಅದೇ ಸಭೆ ನಿಕೋನನನ್ನೂ ಪದವಿಯಿಂದ ಇಳಿಸಿತು, ಆದರೆ ಅವನ ತಿದ್ದುಪಡಿಗಳನ್ನು ಉಳಿಸಿಕೊಂಡಿತು.

ಆಮೇಲೆ ಹಿಂಸೆ. ಶ್ರೀಮಂತ ಮನೆತನದ ಮೊರೊಜೋವಾಳನ್ನು ಬೊರೋವ್‌ಸ್ಕ್‌ನ ನೆಲಗುಂಡಿಯಲ್ಲಿ ಹಸಿವಿನಿಂದ ಸಾಯಿಸಿದರು, 1675ರಲ್ಲಿ. ಬಿಳಿ ಸಮುದ್ರದ ಸೊಲೊವೆಟ್‌ಸ್ಕಿ ಮಠಕ್ಕೆ 1668ರಿಂದ 76ರವರೆಗೆ ಸೈನ್ಯ ಮುತ್ತಿಗೆ ಹಾಕಿತು. ಆ ಪಕ್ಷದ ದೊಡ್ಡ ದನಿ ಅವ್ವಾಕುಮ್ ಎಂಬ ಪಾದ್ರಿಯದು. ಅವನನ್ನು ಉತ್ತರ ಧ್ರುವವೃತ್ತದಾಚೆಯ ಪುಸ್ತೊಜ್ಯೋರ್‌ಸ್ಕ್‌ನ ಗುಂಡಿಯಲ್ಲಿಟ್ಟು, 1682ರ ಏಪ್ರಿಲ್‌ನಲ್ಲಿ ಸುಟ್ಟರು. ಗುಂಡಿಯಲ್ಲೇ ಕೂತು ಆಡುಮಾತಿನಲ್ಲಿ ಅವನು ಬರೆದ ಆತ್ಮಕಥೆಯಲ್ಲಿ, ಸೈಬೀರಿಯದ ಮಂಜಿನ ಮೇಲೆ ಜಾರಿ ಬಿದ್ದು ಎದ್ದು ಸುಸ್ತಾದ ಹೆಂಡತಿ ಈ ಕಷ್ಟ ಎಲ್ಲಿಯವರೆಗೆ ಎಂದು ಕೇಳುತ್ತಾಳೆ. ಸಾಯುವವರೆಗೆ ಕಣೇ ಎನ್ನುತ್ತಾನೆ. ಆಗಲಿ, ಹಾಗಾದರೆ ಇನ್ನೂ ನಡೆಯೋಣ ಎನ್ನುತ್ತಾಳೆ.

ಗುಡ್ಡದ ಗಾಳಿ

ಹೃದಯ ಕಲಕುವ ಸಾಕ್ಷಿ. ಇದನ್ನು ಭಯಂಕರ ಅಂದಿರಲ್ಲ, ಯಾಕೆ?

ಹಳೇ ಕಾಗದ

ಭಯಂಕರವಾದದ್ದು ಇನ್ನು ಮುಂದೆ ಇದೆ.

1666 ಕಳೆಯಿತು, ಏನೂ ಆಗಲಿಲ್ಲ. ಲೆಕ್ಕ 1669ಕ್ಕೆ ಸರಿಯಿತು. ವೋಲ್ಗಾ ಸೀಮೆಯಲ್ಲಿ ಜನ ಬಿತ್ತದೆ ಬಿಟ್ಟು ಕಾಡು ಸೇರಿದರು, ಬಿಳಿ ಬಟ್ಟೆ ಉಟ್ಟು ಶವಪೆಟ್ಟಿಗೆಯಲ್ಲಿ ಮಲಗಿ ಕಹಳೆಗಾಗಿ ಕಾದರು. ಅದೂ ಕಳೆಯಿತು. ಆಮೇಲೆ ಕ್ರಿಸ್ತನ ವಯಸ್ಸಿನ 33 ಸೇರಿಸಿ 1699 ಎಂದರು. 1698ರಲ್ಲಿ ಪೀಟರ್ ದೊರೆ ಯುರೋಪಿನಿಂದ ಹಿಂತಿರುಗಿ ಸರದಾರರ ಗಡ್ಡಕ್ಕೆ ಕತ್ತರಿ ಹಾಕಿದಾಗ ಕ್ರಿಸ್ತವಿರೋಧಿ ಸಿಕ್ಕೇಬಿಟ್ಟ ಎನ್ನಿಸಿದ್ದರೆ ಆಶ್ಚರ್ಯವೇನು?

ಈ ನಡುವೆ 1685ರಲ್ಲಿ ರಾಜಕುಮಾರಿ ಸೋಫಿಯಾಳ ಸರ್ಕಾರ ಕಾನೂನು ಮಾಡಿತು: ಹಳೇ ವಿಶ್ವಾಸ ಬಿಡದವನಿಗೆ ಬೆಂಕಿ, ಅವನಿಗೆ ಆಶ್ರಯ ಕೊಟ್ಟವನಿಗೆ ಚಾಟಿ. ಸೈನಿಕರು ಕಾಡಿಗೆ ಬರುವ ಸುದ್ದಿ ಸಿಕ್ಕರೆ ಜನ ಮರದ ಪ್ರಾರ್ಥನಾ ಮನೆಯೊಳಗೆ ಸೇರಿ, ಬಾಗಿಲು ಜಡಿದು, ತಾವೇ ಬೆಂಕಿ ಹಚ್ಚಿಕೊಳ್ಳತೊಡಗಿದರು. ಮಕ್ಕಳೂ ಒಳಗಿದ್ದರು. ಒನೆಗಾ ಸರೋವರದ ಪಾಲೆಯೋಸ್ಟ್ರೋವ್ ಮಠದಲ್ಲಿ 1687ರಲ್ಲೂ 88ರಲ್ಲೂ ಹೀಗಾಯಿತು. ಆಗಿನವರು ಬರೆದಿಟ್ಟ ಸಂಖ್ಯೆ ಸಾವಿರಗಳಲ್ಲಿದೆ. ಇತಿಹಾಸಕಾರರು ಅದನ್ನು ಅಷ್ಟಕ್ಕಷ್ಟೇ ನಂಬುತ್ತಾರೆ, ಆದರೆ ದೊಡ್ಡ ಸಂಖ್ಯೆ ಎನ್ನುವುದರಲ್ಲಿ ಅನುಮಾನವಿಲ್ಲ. ಯೋಚನೆಯ ಜಾಡು ಇದು: ಕ್ರಿಸ್ತವಿರೋಧಿಯ ಕಾಲ ಬಂದಾಗಿದೆ, ಸಿಕ್ಕಿಬಿದ್ದರೆ ಚಿತ್ರಹಿಂಸೆಗೆ ಸೋತು ಮೂರು ಬೆರಳು ಮಡಚಿ ಆತ್ಮ ಕಳೆದುಕೊಳ್ಳುತ್ತೇವೆ, ಅದಕ್ಕಿಂತ ಬೆಂಕಿಯೇ ಎರಡನೇ ದೀಕ್ಷಾಸ್ನಾನ.

ಅವ್ವಾಕುಮ್ ಇಂಥ ಸಾವನ್ನು ಹೊಗಳಿದ್ದ. ನನಗೆ ಅವನ ಮೇಲಿರುವ ಗೌರವದಲ್ಲಿ ಇದೊಂದು ಮುಳ್ಳು. ಆದರೆ 1691ರಲ್ಲಿ ಹಳೇ ವಿಶ್ವಾಸಿಗಳಲ್ಲೇ ಒಬ್ಬನಾದ ಯೆವ್‌ಫ್ರೋಸಿನ್ ಎಂಬ ಸನ್ಯಾಸಿ ಇದರ ವಿರುದ್ಧ ಇಡೀ ಪುಸ್ತಕ ಬರೆದ. ಇದು ಆತ್ಮಹತ್ಯೆ, ಹೊಸದಾಗಿ ಕಟ್ಟಿದ ಮತ, ರಕ್ತಸಾಕ್ಷಿತ್ವ ಅಲ್ಲವೇ ಅಲ್ಲ ಎಂದ. ಹಿಂಸೆಗೆ ಸಿಕ್ಕ ಸಮುದಾಯದ ಒಳಗೇ ನಿಂತು, ಹೊರಗಿನವರಿಗೆ ಅಸ್ತ್ರ ಕೊಡುತ್ತಿದ್ದಾನೆ ಎಂಬ ಮಾತು ಕೇಳುವ ಸಂಭವವಿದ್ದರೂ ಬರೆದ.

ಬೀದರ್ ಕೋಟೆ

ಓದಿ ಸ್ವಲ್ಪ ಹೊತ್ತು ಸುಮ್ಮ ಕುಂತೆ ಸರ್. ಮಕ್ಕಳನ್ನೂ ಒಳಗ ಹಾಕ್ಕೊಂಡ್ರ ಅಂದ್ರ...

ಅವರು ಈಗ ಇದ್ದಾರೇನ್ರಿ?

ಹಳೇ ಕಾಗದ

ಇದ್ದಾರೆ. ಸುಟ್ಟುಕೊಂಡವರಿಗಿಂತ ಉಳಿದವರೇ ಎಷ್ಟೋ ಪಾಲು ಹೆಚ್ಚು. 1694ರಲ್ಲಿ ವಿಗ್ ನದಿಯ ದಂಡೆಯಲ್ಲಿ ಒಂದು ವಸಾಹತು ಕಟ್ಟಿದರು, ಪೀಟರನ ಕಬ್ಬಿಣದ ಕಾರ್ಖಾನೆಗಳಿಗೆ ದುಡಿದುಕೊಟ್ಟು ಬದುಕುವ ಅವಕಾಶ ಪಡೆದರು. ಕ್ರಿಸ್ತವಿರೋಧಿ ಒಬ್ಬ ಮನುಷ್ಯನಲ್ಲ, ಕಾಲದೊಳಗೆ ಹರಡಿರುವ ಒಂದು ಆತ್ಮ ಎಂದು ಪಾದ್ರಿಗಳಿಲ್ಲದ ಪಂಗಡದವರು ವ್ಯಾಖ್ಯಾನ ಮಾಡಿಕೊಂಡರು. ಹಾಗೆ ಮಾಡಿದ್ದರಿಂದಲೇ ಉಳುವುದು, ವ್ಯಾಪಾರ ಮಾಡುವುದು ಸಾಧ್ಯವಾಯಿತು ಎಂಬುದು ನನ್ನ ಅನಿಸಿಕೆ. 19ನೇ ಶತಮಾನಕ್ಕೆ ಮಾಸ್ಕೋದ ದೊಡ್ಡ ಬಟ್ಟೆ ಗಿರಣಿಗಳ ಮಾಲೀಕರಲ್ಲಿ ಅನೇಕರು ಇವರೇ. 1905ರಲ್ಲಿ ಕಾನೂನಿನ ಮನ್ನಣೆ ಸಿಕ್ಕಿತು, 1971ರಲ್ಲಿ ರಷ್ಯದ ಸಭೆ ಆ ಹಳೆಯ ಶಾಪವನ್ನು ಹಿಂದಕ್ಕೆ ತೆಗೆದುಕೊಂಡಿತು. 1978ರಲ್ಲಿ ಸೈಬೀರಿಯದ ಕಾಡಿನಲ್ಲಿ ಭೂವಿಜ್ಞಾನಿಗಳಿಗೆ ಸಿಕ್ಕ ಲೈಕೋವ್ ಕುಟುಂಬದ ಸುದ್ದಿ ನೀವು ಓದಿರಬಹುದು, ಎರಡನೇ ಮಹಾಯುದ್ಧ ನಡೆದದ್ದೇ ಗೊತ್ತಿರಲಿಲ್ಲ ಎಂದು. ಅವರೂ ಈ ಪಂಗಡದವರೇ. ನಿಕೋನನ ಮೇಲಿನ ಸಿಟ್ಟು ಆ ಮನೆಯಲ್ಲಿ ನಿನ್ನೆ ಮೊನ್ನೆಯದೆಂಬಂತೆ ಹಸಿಯಾಗಿತ್ತಂತೆ.

ನೆಕ್ಕರ್ ದಂಡೆ (ಸ್ಟುಟ್‌ಗಾರ್ಟ್)

ನಾನು ಧಾರವಾಡದವಳು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಹುಬ್ಬಳ್ಳಿಯಿಂದ ಈ ಪ್ರಶ್ನೆ ಬಂದಿರುವುದರಿಂದ ಒಂದು ವಿಷಯ ಹೇಳಲೇಬೇಕು.

ನಮ್ಮ ಊರುಗಳಿಗೆ ಬಾಸೆಲ್ ಮಿಶನ್ನಿನವರು ಬಂದದ್ದು ಈ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಿಂದ. ಇಲ್ಲಿ ಬೆಂಗೆಲ್ ಎಂಬ ದೊಡ್ಡ ಪಂಡಿತರಿದ್ದರು (1687ರಿಂದ 1752). ಬೈಬಲಿನ ಗ್ರೀಕ್ ಪಾಠ ತಿದ್ದುವುದರಲ್ಲಿ ಅತ್ಯಂತ ಜಾಗರೂಕರಾಗಿದ್ದ ಮನುಷ್ಯ, ಪ್ರಕಟನೆಯ ಅಂಕಿಗಳನ್ನು ಕೂಡಿ ಕಳೆದು 1836ಕ್ಕೆ ಮೃಗದ ಆಳ್ವಿಕೆ ಮುಗಿಯುತ್ತದೆ ಅಂದರು. ಅವರು ಸತ್ತ ಮೇಲೂ ರೈತರ ಮನೆಗಳಲ್ಲಿ ಆ ಮಾತು ಉಳಿಯಿತು. ನೆಪೋಲಿಯನ್ನನ ಕಾಲದಲ್ಲಿ ಇಲ್ಲಿನ ರಾಜ 1809ರಲ್ಲಿ ಹೊಸ ಪೂಜಾವಿಧಿಯನ್ನು ಬಲವಂತದಿಂದ ತಂದ, ಒಪ್ಪದವರಿಗೆ ಶಿಕ್ಷೆಯಾಯಿತು. 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ನಾಶ. ಆಶ್ರಯಸ್ಥಾನ ಪೂರ್ವದಲ್ಲಿದೆ ಎಂದು ಸಾವಿರಾರು ಜನ ಉಲ್ಮ್‌ನಿಂದ ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ ಕಾಕಸಸ್ ಕಡೆಗೆ ಹೊರಟುಬಿಟ್ಟರು. ಇಜ್ಮಾಯಿಲ್‌ನ ತಡೆಶಿಬಿರದಲ್ಲೇ ಕಾಯಿಲೆ ಬಿದ್ದು ಬಹಳ ಜನ ಸತ್ತರು. ಉಳಿದವರು ಜಾರ್ಜಿಯಾ, ಅಜರ್‌ಬೈಜಾನ್‌ಗಳಲ್ಲಿ ಊರು ಕಟ್ಟಿ ದ್ರಾಕ್ಷಿ ಬೆಳೆದರು. ಜನ ಖಾಲಿಯಾಗುವುದನ್ನು ನೋಡಿ ಮುಂದಿನ ರಾಜ ಇಲ್ಲೇ ಪಕ್ಕದಲ್ಲಿ ಕೋರ್ನ್‌ತಾಲ್ ಎಂಬ ಊರನ್ನು 1819ರಲ್ಲಿ ಅವರಿಗೇ ಬಿಟ್ಟುಕೊಟ್ಟ, ನಿಮ್ಮ ರೀತಿಯಲ್ಲೇ ಬದುಕಿರಿ ಎಂದು. ನಾನು ಆ ಊರಿನ ಮೂಲಕವೇ ಕೆಲಸಕ್ಕೆ ಹೋಗುತ್ತೇನೆ.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಮೋಗ್ಲಿಂಗ್ ಸಾಹೇಬರು ಈ ಸೀಮೆಯ ಬ್ರಾಕೆನ್‌ಹೈಮ್‌ನವರು, ಭಾರತಕ್ಕೆ ಹೊರಟದ್ದು ಅದೇ 1836ರಲ್ಲಿ. ಕಾಕತಾಳೀಯವೇ ಇರಬಹುದು. ಆದರೆ ಕೊನೆ ಹತ್ತಿರ ಅಂದುಕೊಂಡ ವಾತಾವರಣದಲ್ಲಿ ಬೆಳೆದವರು ಇಲ್ಲಿ ಬಂದು ಕನ್ನಡ ವ್ಯಾಕರಣ ಕಲಿತು, ಹಳಗನ್ನಡದ ತಾಳೆಗರಿ ಹುಡುಕಿ ಅಚ್ಚು ಹಾಕಿಸಿ, 1843ರಲ್ಲಿ ಪತ್ರಿಕೆಯನ್ನೂ ಶುರುಮಾಡಿದರು. ನಾಳೆ ಲೋಕ ಮುಗಿಯುತ್ತದೆ ಅನ್ನುವವರು ಮಾಡುವ ಕೆಲಸಗಳೇ ಇವು?

ತೆಂಕಣ

ಅಕ್ಕಾ, ಇದು ನಂಗೆ ಹೊಸತು. ಬಲ್ಮಠದ ಹತ್ತಿರ ಅಷ್ಟು ಸಲ ತಿರುಗಿದ್ದೇನೆ, ಬೆಂಗೆಲ್ ಹೆಸರೇ ಕೇಳಿರ್ಲಿಲ್ಲ.

ನಮ್ಮೂರಿನ ಹಿಂಸೆಯ ವಿಷಯ ಬಂದ್ರೆ ಶ್ರೀರಂಗಪಟ್ಣದ ಸೆರೆಯ ಬಗ್ಗೆಯೂ...

ನಿರ್ವಾಹಕ

ಟಿಪ್ಪು ಕಾಲದ ಸೆರೆಯ ಕುರಿತು ಬೇರೆ ಚರ್ಚೆಯೇ ಇದೆ, ಈಗಾಗಲೇ ಎರಡು ಬಾರಿ ಬೀಗ ಹಾಕಿದ್ದೇವೆ. ಅದನ್ನು ಇಲ್ಲಿಗೆ ತರಬೇಡಿ.

ಗುಡ್ಡದ ಗಾಳಿ

ಎಲ್ಲರೂ ಹಳೆಯ ತಪ್ಪು ಲೆಕ್ಕಗಳನ್ನೇ ಪಟ್ಟಿ ಮಾಡುತ್ತಿದ್ದೀರಿ. ತೋಳ ಬಂತು ಅಂತ ಹತ್ತು ಸಲ ಸುಳ್ಳು ಕೂಗಿದರೂ ಹನ್ನೊಂದನೇ ಸಲ ಬರಬಹುದು. ಈಗಿನ ಹಿಂಸೆ ಹಿಂದೆಂದೂ ಇಲ್ಲದಷ್ಟು ಇದೆ. ವರ್ಷಕ್ಕೆ ಒಂದು ಲಕ್ಷ ಅಂದರೆ ಸಣ್ಣ ಸಂಖ್ಯೆಯೇ?

ಹಳೇ ಕಾಗದ

ಆ ಒಂದು ಲಕ್ಷದ ಮೂಲ ಹೇಳುತ್ತೇನೆ. ಅಮೆರಿಕದ ಒಂದು ಸೆಮಿನರಿಯ ಅಧ್ಯಯನ ಕೇಂದ್ರ 2000ದಿಂದ 2010ರವರೆಗಿನ ಹತ್ತು ವರ್ಷಕ್ಕೆ ಹತ್ತು ಲಕ್ಷ ಎಂದು ಅಂದಾಜು ಮಾಡಿ, ಹತ್ತರಿಂದ ಭಾಗಿಸಿ ಕೊಟ್ಟದ್ದು ಅದು. ಅದರಲ್ಲಿ ಬಹುಪಾಲು ಕಾಂಗೋದ ಅಂತರ್ಯುದ್ಧದಲ್ಲಿ ಸತ್ತವರು. ಸತ್ತವರು ಕ್ರೈಸ್ತರು ಹೌದು, ಕೊಂದವರಲ್ಲೂ ಕ್ರೈಸ್ತರು ಬಹಳ. ಅವರನ್ನು ಕೊಂದದ್ದು ವಿಶ್ವಾಸದ ಕಾರಣಕ್ಕೆ ಎನ್ನುವುದು ಕಷ್ಟ. 2013ರಲ್ಲಿ ಬಿಬಿಸಿ ಇದನ್ನು ಬಿಡಿಸಿ ತೋರಿಸಿತು.

ಇದರರ್ಥ ಹಿಂಸೆ ಸುಳ್ಳು ಎಂದಲ್ಲ. 2014ರಲ್ಲಿ ಮೊಸೂಲ್‌ನ ಕ್ರೈಸ್ತರ ಮನೆಗಳ ಗೋಡೆಗೆ ನಸ್ರಾನಿ (ಕ್ರೈಸ್ತ) ಎಂಬುದರ ಮೊದಲಕ್ಷರವಾದ ಅರಬ್ಬಿಯ ನೂನ್ ಬರೆದು ಊರು ಬಿಡಿಸಿದ್ದು ನಿಜ. 2015ರ ಫೆಬ್ರವರಿಯಲ್ಲಿ ಲಿಬಿಯದ ಕಡಲ ದಂಡೆಯಲ್ಲಿ ಕತ್ತು ಕೊಯ್ದದ್ದು ಈಜಿಪ್ಟಿನ ಇಪ್ಪತ್ತು ಕಾಪ್ಟಿಕ್ ಕೂಲಿಕಾರರನ್ನು, ಜೊತೆಗೆ ಘಾನಾದ ಒಬ್ಬನನ್ನು. 2008ರಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಕ್ರೈಸ್ತರ ಮೇಲೆ ಹಿಂಸೆ ಆಯಿತು. ಇವಕ್ಕೆ ಉಬ್ಬಿಸಿದ ಅಂಕಿಯ ಹಂಗಿಲ್ಲ. ಅಂಕಿ ಬೇಕಾಗುವುದು ಗಡಿಯಾರ ತೋರಿಸಬೇಕಾದವರಿಗೆ.

ಹೊಳೆಬದಿ

ನನಗೆ ಇನ್ನೊಂದು ಗೊಂದಲ. ನಮ್ಮ ಪ್ರಸಂಗಿಯವರೇ ಹೇಳಿದ್ದು, ಮಹಾಸಂಕಟಕ್ಕೆ ಮುಂಚೆಯೇ ಸಭೆ ಮೇಲಕ್ಕೆ ಎತ್ತಲ್ಪಡುತ್ತದೆ ಅಂತ. ಹಾಗಾದರೆ ಸಭೆ ಆ ಸಂಕಟವನ್ನು ಕಾಣುವುದೇ ಇಲ್ಲ. ಮತ್ತೆ ನೈಜೀರಿಯದ ಸಭೆ ಈಗ ಪಡುತ್ತಿರುವ ಪಾಡು ಅದಕ್ಕೆ ಗುರುತಾಗುವುದು ಹೇಗೆ?

ಹಳೇ ಕಾಗದ

ಈ ಪ್ರಶ್ನೆಯನ್ನು ಅವರಿಗೇ ಕೇಳಿ. ಸಂಕಟಕ್ಕೆ ಮುಂಚೆ ಎತ್ತಲ್ಪಡುವ ಬೋಧನೆ ವ್ಯವಸ್ಥಿತ ರೂಪ ಪಡೆದದ್ದು 1830ರ ದಶಕದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕನಿಂದ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ ಊರೂರಿಗೆ ಹರಡಿತು. ಬ್ರಿಟನ್, ಅಮೆರಿಕಗಳಲ್ಲಿ ನೆಮ್ಮದಿಯಾಗಿದ್ದವರ ನಡುವೆ ಅದು ಬೆಳೆಯಿತು ಎಂಬುದನ್ನು ಗಮನಿಸಿ. ಪೆರ್ಪೆತುವಾಗಾಗಲಿ ಅವ್ವಾಕುಮನಿಗಾಗಲಿ ನಿನ್ನನ್ನು ಮೊದಲೇ ಎತ್ತಿಕೊಳ್ಳುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಬೀದರ್ ಕೋಟೆ

ನಾ ಒಂದು ಮಾತು ಹೇಳ್ತೀನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ಇತಿಹಾಸ ನಂಗ ಗೊತ್ತಿಲ್ಲ. ಗೊತ್ತಿರೋದು ನಮ್ಮ ಕಡಿ ಹಳ್ಳಿ ಸಭೆ.

ಒಂದು ಹಳ್ಳ್ಯಾಗ ಮನೀ ಪ್ರಾರ್ಥನೆ ನಡದಾಗ ಗದ್ಲ ಆತು. ಪಾಸ್ಟರ್‌ಗ ಹೊಡದ್ರು, ಕುರ್ಚಿ ಮುರದ್ರು. ಮರುದಿನ ದೊಡ್ಡ ಊರಿನ ಸಭೆಯವರಿಗಿ ಫೋನ್ ಮಾಡಿ ಸ್ಟೇಷನ್‌ಗ ಬರ್ರಿ ಅಂದ್ರ, ಏನಂದ್ರು ಗೊತ್ತೇನ್ರಿ? "ಬರೆದಿದ್ದು ನೆರವೇರಬೇಕಲ್ಲ ಬ್ರದರ್, ಪ್ರಾರ್ಥನಾ ಮಾಡ್ತೀವಿ." ಮುಂದಿನ ವಾರ ಅದೇ ಹೊಡೆತದ ವಿಡಿಯೋ ಅವರ ಕನ್ವೆನ್ಷನ್‌ದಾಗ ಪರದೆ ಮ್ಯಾಲ. ಕಡೇ ದಿವಸದ ಗುರುತು ಅಂತ. ಹೊಡಿಸ್ಕೊಂಡಾಂವ ಅಲ್ಲೇ ಹಿಂದ ಕುಂತಿದ್ದ, ಅವಂಗ ಯಾರೂ ಮಾತಾಡಿಸಲಿಲ್ಲ.

ನಂಬಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ನಾನೂ ಕರ್ತ ಬರ್ತಾನ ಅಂತ ನಂಬಾಂವ. ಆದ್ರ ಒಬ್ಬಾಂವನ ಗಾಯ ನಮಗ ಕ್ಯಾಲೆಂಡರ್ ಆಗಬಾರ್ದು.

ತೆಂಕಣ

ಸರಿಯಾಗಿ ಹೇಳಿದ್ರಿ. 2008ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದಾಗ ನಮಗೆ ಬೇಕಾದದ್ದು ವಕೀಲರು, ಒಡೆದ ಗಾಜಿನ ಫೋಟೋ, ದೂರಿನ ನಕಲು, ವಿಚಾರಣಾ ಆಯೋಗದ ಮುಂದೆ ಹೆದರದೆ ಮಾತಾಡುವ ಸಾಕ್ಷಿಗಳು. ಪಕ್ಕದ ಮನೆಯ ಹಿಂದೂ ಹೆಂಗಸರೂ ಬಂದು ಗಾಜು ಗುಡಿಸಿದ್ದುಂಟು. ಅದನ್ನು ಯಾವ ಭವಿಷ್ಯದ ಚಾರ್ಟಿನಲ್ಲಿ ಹಾಕುದು?

ಅಡ್ಡಮಾತು

ಬೀದರ್‌ನವರ ಮಾತು ಎಲ್ಲ ಮತಕ್ಕೂ ಅನ್ವಯಿಸುತ್ತದೆ. ನಮ್ಮಲ್ಲೂ ಯಾರಿಗಾದರೂ ಅನ್ಯಾಯವಾದರೆ "ಕಲಿಗಾಲ ಸ್ವಾಮಿ" ಅಂದು ಎದ್ದು ಹೋಗುವವರಿದ್ದಾರೆ.

ಗುಡ್ಡದ ಗಾಳಿ

ಬೀದರ್ ಬ್ರದರ್, ಆ ಸಭೆಯವರು ಮಾಡಿದ್ದು ಸರಿಯಲ್ಲ. ಆದರೆ ಅದು ಬೋಧನೆಯ ತಪ್ಪಲ್ಲ, ಪ್ರೀತಿ ತಣ್ಣಗಾಗಿದ್ದು. ಅದೂ ಮತ್ತಾಯ 24ರಲ್ಲೇ ಇದೆ: ಅಧರ್ಮ ಹೆಚ್ಚಾಗಿ ಬಹು ಜನರ ಪ್ರೀತಿ ತಣ್ಣಗಾಗುವುದು. ನಾನು ಈಗಲೂ ಕಾಲ ಹತ್ತಿರ ಅಂತಲೇ ನಂಬುತ್ತೇನೆ. ವರ್ಷ ಹೇಳುವವರ ಜೊತೆ ನಾನಿಲ್ಲ.

ಬೀದರ್ ಕೋಟೆ

ಅದು ಸರಿ ಬಿಡ್ರಿ. ಹತ್ತಿರ ಅಂತ ನಂಬಾಂವ ಸ್ಟೇಷನ್‌ಗ ಬೇಗ ಬರಬೇಕಲ್ಲ.

ಹಳೇ ಕಾಗದ ಸರ್, ಕಡೀ ಪ್ರಶ್ನೆ. ಬರೋ ಐತವಾರ ಸ್ಮುರ್ನ ಸಭೆಯ ಪತ್ರ ನನ್ನ ಪಾಲಿಗಿ ಬಂದದ. ಪ್ರಕಟನೆ ಎರಡನೇ ಅಧ್ಯಾಯ. "ಹತ್ತು ದಿವಸ ಸಂಕಟ" ಅಂತದ. ಅದರ ಬಗ್ಗೆ ಏನರೆ ಹೇಳ್ರಿ.

ಹಳೇ ಕಾಗದ

ಹತ್ತು ದಿನ ಅಂದರೆ ಹತ್ತು ಚಕ್ರವರ್ತಿಗಳು, ಹತ್ತು ವರ್ಷ, ಹತ್ತು ಯುಗ ಎಂದೆಲ್ಲ ವಿಸ್ತರಿಸಿದವರಿದ್ದಾರೆ. ಮಿತಿಯುಳ್ಳ ಕಾಲ, ಮುಗಿಯುವ ಕಾಲ ಎಂದಷ್ಟೇ ಓದಿದರೆ ಸಾಕು ಎನ್ನಿಸುತ್ತದೆ. ದಾನಿಯೇಲನೂ ಅವನ ಗೆಳೆಯರೂ ಹತ್ತು ದಿನ ಕಾಯಿಪಲ್ಲೆ ತಿಂದು ಪರೀಕ್ಷೆಗೆ ನಿಂತದ್ದು ನೆನಪಿರಲಿ.

ಆದರೆ ಸ್ಮುರ್ನದ ಬಗ್ಗೆ ಹೇಳುವುದಾದರೆ ಪೊಲಿಕಾರ್ಪನನ್ನು ಬಿಡಬೇಡಿ. ಎರಡನೇ ಶತಮಾನದ ನಡುವೆ ಅದೇ ಊರಿನ ಬಿಷಪ್. ಎಂಬತ್ತಾರು ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ನನಗೆ ಅವನು ಯಾವ ಕೇಡೂ ಮಾಡಿಲ್ಲ ಎಂದು ಹೇಳಿ ಬೆಂಕಿಗೆ ನಿಂತವನು. ಸ್ಮುರ್ನದ ಸಭೆಯೇ ಆ ಸಾವಿನ ವರದಿ ಬರೆದು ಬೇರೆ ಸಭೆಗಳಿಗೆ ಕಳಿಸಿತು. ಅದರಲ್ಲಿ ಜನ ಹೆಚ್ಚು ಗಮನಿಸದ ಒಬ್ಬ ಬರುತ್ತಾನೆ, ಕ್ವಿಂಟಸ್. ಫ್ರಿಗಿಯಾ ಸೀಮೆಯಿಂದ ಆಗಷ್ಟೇ ಬಂದವನು. ಯಾರೂ ಹಿಡಿಯದಿದ್ದರೂ ತಾನಾಗಿ ಹೋಗಿ ಶರಣಾಗಿ, ಇನ್ನೂ ಕೆಲವರನ್ನು ಹುರಿದುಂಬಿಸಿ ಕರೆದುಕೊಂಡು ಹೋದ. ಅಖಾಡದಲ್ಲಿ ಮೃಗಗಳನ್ನು ಕಂಡೊಡನೆ ಎದೆಗುಂದಿ ಚಕ್ರವರ್ತಿಯ ಆಣೆಯಿಟ್ಟು ಧೂಪ ಹಾಕಿದ. ಪೊಲಿಕಾರ್ಪ ಹಾಗಲ್ಲ. ಗೆಳೆಯರ ಮಾತು ಕೇಳಿ ಮೊದಲು ಊರಾಚೆಯ ತೋಟದ ಮನೆಗೆ ಹೋದ, ಅಲ್ಲಿಂದ ಇನ್ನೊಂದಕ್ಕೆ. ಹುಡುಕಿಕೊಂಡು ಬಂದ ಸೈನಿಕರಿಗೆ ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ತಾಸು ಕೇಳಿಕೊಂಡ. ತಾವಾಗಿ ಹೋಗಿ ಒಪ್ಪಿಸಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ, ಸುವಾರ್ತೆ ಹಾಗೆ ಕಲಿಸುವುದಿಲ್ಲ ಎಂದು ಆ ವರದಿಯಲ್ಲೇ ಸಭೆಯವರು ಬರೆದಿದ್ದಾರೆ.

ಬೀದರ್ ಕೋಟೆ

ಕ್ವಿಂಟಸ್. ಬರಕೊಂಡೆ ಸರ್. ಐತವಾರ ಇಂವಂದೇ ಮೊದಲ ಹೇಳ್ತೀನಿ.